ಒಂದು ಮಣಿಯ ತೂತು

ಕಳೆದ ಮಾಘಮಾಸದ ಒಂದು ಸಾಯಂಕಾಲ ನಮ್ಮ ತಾಯಿಯವರ ತುಳಸೀಮಾಲೆಯ ದಾರವು ಹರಿದು ಮಣಿಗಳೆಲ್ಲ ದೇವರ ಮನೆಯ ನೆಲದ ಮೇಲೆ ಚೆಲ್ಲಿಹೋದುವು. ಅವರು ತೀರಿಕೊಂಡು ಹನ್ನೊಂದು ವರ್ಷಗಳಾದುವು; ಅಂದಿನಿಂದ ಆ ಮಾಲೆಯು ವಿಠ್ಠಲನ ಚಿತ್ರಪಟದ ಮೊಳೆಗೆ ತೂಗಿಕೊಂಡೇ ಇದ್ದಿತು. ನಮ್ಮ ಬೀದರ ಸೀಮೆಯಲ್ಲಿ ಪಂಢರಪುರದ ವಾರಿಗೆ ಹೋಗಿಬರುವ ಮನೆತನಗಳು ಎಷ್ಟೋ ಉಂಟು. ವಾರಕರಿಯಾದವರು ಕೊರಳಲ್ಲಿ ತುಳಸಿಯ ಮಣಿಯನ್ನು ಧರಿಸುವುದು ರೂಢಿ. ತಾಯಿಯವರು ಅದನ್ನು ಕೊರಳಿನಿಂದ ತೆಗೆದುದನ್ನು ನಾವು ಕಂಡವರಲ್ಲ. ಮೊಮ್ಮಗಳು ದೀಪ ಹಿಡಿದಳು, ನಾವು ಕನ್ನಡಕ ಏರಿಸಿಕೊಂಡು ಪೆಟ್ಟಿಗೆಗಳ ಸಂದಿಗಳನ್ನೆಲ್ಲ ತಡಕಿದೆವು. ಎಣಿಸಿ ನೋಡಿದರೆ 108 ಮಣಿಗಳೂ ಸಿಕ್ಕಿದ್ದುವು. ಸಂಗತಿಯು ಅಲ್ಲಿಗೇ ಮುಗಿಯಬೇಕಾಗಿದ್ದಿತು. ಮುಗಿಯದೆ ಹೋದುದು ನಮ್ಮ ಅವಿವೇಕದಿಂದ.

ಮಾಲೆಯನ್ನು ಮರಳಿ ಪೋಣಿಸಲು ಕುಳಿತ ನಮ್ಮ ಮನೆಯವರು, ಇಪ್ಪತ್ತು ಇಪ್ಪತ್ತೈದು ಮಣಿಗಳಲ್ಲಿ ಸೂಜಿಯೇ ತೂರುವುದಿಲ್ಲವೆಂದರು. ಎಷ್ಟೋ ವರ್ಷಗಳ ಎಣ್ಣೆ, ಅರಿಸಿನ, ಬೆವರು, ನಡುವೆ ಕೊಳೆತುಹೋದ ದಾರದ ನಾರು, ಇವೆಲ್ಲ ಸೇರಿ ತೂತುಗಳು ಕಲ್ಲಿನಂತೆ ಮುಚ್ಚಿಹೋಗಿದ್ದುವು. ಬೆಚ್ಚನೆಯ ಎಣ್ಣೆಯಲ್ಲಿ ನಾಲ್ಕು ದಿನ ನೆನೆಯಿಟ್ಟು ಮೆಲ್ಲಗೆ ಚುಚ್ಚಿದರೆ ಬಿಟ್ಟುಕೊಂಡಾವೆಂದು ಅವರ ಮತ. ನಮಗೆ ಅಷ್ಟು ತಾಳ್ಮೆಯಿರಲಿಲ್ಲ. ನಮ್ಮ ತಂಗಿಯು ಈ ವರ್ಷದ ಆಷಾಢದ ವಾರಿಗೆ ಮೊದಲ ಬಾರಿ ಹೊರಡುವವಳಿದ್ದು, ಅವ್ವನ ಮಾಲೆಯನ್ನು ಹಾಕಿಕೊಂಡು ಹೋಗುವೆನೆಂದು ಹೇಳಿಕಳುಹಿಸಿದ್ದಳು. ಆಷಾಢಕ್ಕೆ ಇನ್ನೂ ಐದು ತಿಂಗಳಿದ್ದುವೆಂಬುದು ಆಗ ನಮ್ಮ ಲೆಕ್ಕಕ್ಕೆ ಬರಲಿಲ್ಲ.

ನೆರೆಯ ಬಡಗಿಯ ಮನೆಯಿಂದ ವಿದ್ಯುತ್ತಿನ ಬೈರಿಗೆಯನ್ನು, ಎಂದರೆ ಡ್ರಿಲ್ ಮಶೀನನ್ನು, ಕೇಳಿ ತಂದೆವು. ಬೀದರದ ಪೇಟೆಯಲ್ಲಿ 1 ಮಿಲಿಮೀಟರು ದಪ್ಪದ ಬಿಟ್ ಕೊಂಡೆವು. ಆ ಕಡ್ಡಿಯನ್ನು ಮಶೀನಿನ ಬಾಯಿಗೆ ಇಟ್ಟು ಎಷ್ಟು ಬಿಗಿದರೂ ಅದು ಅತ್ತಿತ್ತ ಆಡುತ್ತಿದ್ದಿತು. ಬುದ್ಧಿವಂತಿಕೆಯಿಂದ ಅದಕ್ಕೆ ಕಾಗದ ಸುತ್ತಿದೆವು; ಹಿಡಿದುಕೊಂಡಿತು. ಗುಂಡಿ ಒತ್ತಿದೆವು. ಮೊದಲನೆಯ ಮಣಿ ಎರಡು ಹೋಳಾಯಿತು. ಮಣಿಯೇ ಬಿರುಕು ಬಿಟ್ಟಿದ್ದಿರಬೇಕೆಂದು ಎರಡನೆಯದನ್ನು ಹಿಡಿದೆವು, ಅದೂ ಸೀಳಿತು. ಆಗಲಾದರೂ ಕೈ ತೆಗೆಯಬಾರದೇ? ಮೂರನೆಯದರಲ್ಲಿ ಮಣಿಯೂ ಒಡೆಯಿತು, ಬಿಟ್ ಕೂಡ ಮುರಿದು ಅದರ ತುಂಡು ನಮ್ಮ ಬೆರಳಿಗೆ ನಾಟಿತು. ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ಹಗುರವಾಗುತ್ತಿದ್ದಿತು.

ಹೋಳುಗಳನ್ನು ಒಂದು ಕಾಗದದಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟೆವು. ತಂಗಿಗೆ ತಿಳಿಸಲಿಲ್ಲ.

ಮರುವಾರ ನಮ್ಮ ಹಳೆಯ ಶಿಷ್ಯನೊಬ್ಬನು ಬಂದನು. ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುವವನು. ಶಬ್ದರೂಪಗಳನ್ನು ಒಪ್ಪಿಸಲಾರದೆ ನಮ್ಮಿಂದ ಬೈಗುಳ ತಿಂದವನು. ಮಶೀನನ್ನು ಕಂಡು, "ಸರಾ, ಇದರ ಬಾಯಿ ದೊಡ್ಡದರೀ. ಸಣ್ಣ ಕಡ್ಡಿ ಇದಕ್ಕ ಸಿಗಂಗಿಲ್ಲ" ಎಂದನು. ಬಾಯಿಯ ಪಕ್ಕದಲ್ಲಿ ಕೊರೆದಿದ್ದ ಅಕ್ಷರಗಳನ್ನು ತೋರಿಸಿದನು: 1.5-13. ಎಂದರೆ ಒಂದೂವರೆ ಮಿಲಿಮೀಟರಿನಿಂದ ಹದಿಮೂರರವರೆಗಿನ ಕಡ್ಡಿಯನ್ನು ಮಾತ್ರ ಅದು ಹಿಡಿಯಬಲ್ಲುದು. ಜೀವಮಾನವೆಲ್ಲ ಮಕ್ಕಳಿಗೆ ಓದಲು ಕಲಿಸಿದ ನಾವು ಅದನ್ನು ಓದಿರಲಿಲ್ಲ.

ಆ ಬಾಯಿಗೆ ಚಕ್ಕು ಎಂದು ಹೆಸರು. ಅದರ ರಚನೆಯನ್ನು ಅವನು ಬಿಡಿಸಿ ಹೇಳಿದುದನ್ನು ವಾಚಕರಿಗೂ ತಿಳಿಸುತ್ತೇವೆ, ಏಕೆಂದರೆ ಈಗ ಮನೆಮನೆಯಲ್ಲಿಯೂ ಈ ಯಂತ್ರವು ಬಂದಿದೆ. ಚಕ್ಕಿನೊಳಗೆ ಮೂರು ದವಡೆಗಳಿರುವುವು. ಅವು ಮುಂದಕ್ಕೆ ಸರಿದಂತೆಲ್ಲ ಒಂದನ್ನೊಂದು ಸಮೀಪಿಸುವಂತೆ ಓರೆಯಾದ ಮೂರು ಕಾಲುವೆಗಳಲ್ಲಿ ಕುಳಿತಿರುತ್ತವೆ. ಅವುಗಳ ಬೆನ್ನಿನಲ್ಲಿ ತಿರುಪಿನ ಹಲ್ಲುಗಳು. ಆ ಹಲ್ಲುಗಳನ್ನು ಹೊರಗಿನಿಂದ ಬಳೆಯಂತಹ ಒಂದು ತಿರುಪು ಕಚ್ಚಿಕೊಂಡಿರುವುದು. ಬಳೆಯನ್ನು ತಿರುಗಿಸಿದರೆ ಮೂರು ದವಡೆಗಳೂ ಏಕಕಾಲದಲ್ಲಿ ಸರಿದು ನಡುವಿನ ಕಡ್ಡಿಯನ್ನು ಅವುಚುವುವು. ಮಗುವು ಬಳಪವನ್ನು ಮೂರು ಬೆರಳುಗಳಿಂದ ಹಿಡಿಯುವುದಿಲ್ಲವೇ, ಹಾಗೆ. ಆದರೆ ದಪ್ಪ ಕಡ್ಡಿಯನ್ನು ಹಿಡಿಯಬೇಕಾದ ದವಡೆಯ ಅಂಚು ಅಗಲವಾಗಿರಲೇಬೇಕು. ಅಗಲವಾದ ಮೂರು ಅಂಚುಗಳು ಪರಸ್ಪರ ತಾಗಿ ನಿಂತಾಗ ನಟ್ಟನಡುವೆ ಒಂದು ಸಣ್ಣ ಬಯಲು ಉಳಿದೇ ಉಳಿಯುತ್ತದೆ. ನಮ್ಮ ಬಿಟ್ ಆ ಬಯಲಿನಲ್ಲಿ ನಿಂತಿದ್ದಿತು.

ಈ ಬಗೆಯ ಚಕ್ಕು ಅಮೆರಿಕೆಯ ಆರ್ಥರ್ ಜೇಕಬ್ಸ್ ಎಂಬಾತನದು. ಹಳೆಯ ಚಕ್ಕನ್ನು ಬಿಗಿಯುವಾಗ ಗೆಣ್ಣು ಜಜ್ಜಿಕೊಂಡು, ಆ ನೋವಿನಿಂದಲೇ 1902ರಲ್ಲಿ ಹೊಸದನ್ನು ಕಲ್ಪಿಸಿದನೆಂದು ಹೇಳುತ್ತಾರೆ. ಸುರುಳಿ ಕಾಲುವೆಯ ಬಿಟ್ ಅದಕ್ಕಿಂತ ಹಿಂದಿನದು, ಸ್ಟೀಫನ್ ಮೋರ್ಸನು 1863ರಲ್ಲಿ ಹಕ್ಕು ಪಡೆದುದು. ಜೇಕಬ್ಸನ ಚಕ್ಕಿಗೆ ಹಲ್ಲುಗಾಲಿಯ ಒಂದು ಕೀಲಿಯುಂಟು. ಅದನ್ನು ಇಡಲು ಸುತ್ತ ಮೂರು ತೂತುಗಳುಂಟು. ನಾವೆಲ್ಲ ಒಂದೇ ತೂತಿನಲ್ಲಿ ಕೀಲಿಯಿಟ್ಟು ಬಿಗಿದು ಏಳುತ್ತೇವೆ. ಮೂರರಲ್ಲಿಯೂ ಒಂದಾದಮೇಲೊಂದರಂತೆ ಬಿಗಿದರೆ ಮಾತ್ರ ಹಿಡಿತವು ಸಮನಾಗುವುದಂತೆ. ಕೀಲಿಯನ್ನು ತೆಗೆಯದೆ ಗುಂಡಿಯನ್ನು ಒತ್ತಿದರೆ ಅದು ಕವಣೆಯ ಕಲ್ಲಿನಂತೆ ಹಾರುವುದೆಂಬುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು.

"ಕಾಗದ ಸುತ್ತಿದರೆ ಹಿಡಿಯಿತಲ್ಲ?" ಎಂದು ನಾವು ವಾದಿಸಿದೆವು. ಹಿಡಿದುದು ನಿಜ, ಆದರೆ ನಡುವಿನಲ್ಲಿ ಹಿಡಿಯಲಿಲ್ಲ. ಕಡ್ಡಿಯು ತನ್ನ ಅಕ್ಷದ ಮೇಲೆ ತಿರುಗದೆ ಗಾಣದ ಎತ್ತಿನಂತೆ ಒಂದು ಸುತ್ತು ಹಾಕುತ್ತಿದ್ದಿತು. ಅವನು ಹೇಳಿದ ಲೆಕ್ಕ ನಮಗೆ ಮನಸ್ಸಿಗೆ ನಾಟಿತು. ಓಲಾಟವು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಎನ್ನೋಣ. 10 ಮಿಲಿಮೀಟರಿನ ಬಿಟ್‌ಗೆ ಅದು ತನ್ನ ದಪ್ಪದ ನೂರರಲ್ಲೊಂದು ಭಾಗ. ಗೋಡೆಗೆ ಮೊಳೆ ಹೊಡೆಯುವವನಿಗೆ ಕಾಣುವುದೇ ಇಲ್ಲ. 1 ಮಿಲಿಮೀಟರಿನ ಬಿಟ್‌ಗೆ ಅದೇ ಓಲಾಟವು ಹತ್ತರಲ್ಲೊಂದು ಭಾಗವಾಗುವುದು. ಮೇಲಾಗಿ ಕಡ್ಡಿಯ ದಪ್ಪವು ಅರ್ಧವಾದರೆ ಬಗ್ಗದೆ ನಿಲ್ಲುವ ಬಿಗುವು ಅರ್ಧವಾಗುವುದಿಲ್ಲ, 16ರಲ್ಲೊಂದು ಪಾಲಾಗುವುದು. ದೊಡ್ಡದಕ್ಕೆ ತಿಳಿಯದೆ ಹೋಗುವ ತಪ್ಪು ಸಣ್ಣದನ್ನು ಮುರಿಯುತ್ತದೆ. ತರಗತಿಯಲ್ಲಿ ಎಲ್ಲ ಹುಡುಗರಿಗೂ ಒಂದೇ ಗದರಿಕೆಯನ್ನು ಬಳಸುತ್ತಿದ್ದ ನಮ್ಮ ಮುಂದೆ, ಆ ಗದರಿಕೆಗೆ ಬಾಯಿ ಕಟ್ಟಿಹೋಗುತ್ತಿದ್ದವನೇ ಕುಳಿತು ಇದನ್ನು ವಿವರಿಸುತ್ತಿದ್ದನು.

ಇಲ್ಲಿ ಒಂದು ನಾಚಿಕೆಯ ಮಾತನ್ನೂ ಹೇಳಿಬಿಡುತ್ತೇವೆ. ಕೊರೆಯುವ ಸಾಧನಕ್ಕೆ ವೇಧನಿಕಾ, ಆಸ್ಫೋಟನೀ ಎಂದು ಅಮರಕೋಶದಲ್ಲಿ ಹೆಸರುಗಳಿವೆ. ಹನ್ನೆರಡನೆಯ ವಯಸ್ಸಿನಿಂದ ನಮಗೆ ಅವು ಕಂಠಸ್ಥ. ಕುಶಲಕರ್ಮಿಗಳ ಉಪಕರಣಗಳನ್ನೆಲ್ಲ ಅಮರಸಿಂಹನು ಶೂದ್ರವರ್ಗದಲ್ಲಿ ಇಟ್ಟಿದ್ದಾನೆ, ಆ ವರ್ಗವನ್ನು ನಮ್ಮ ಗುರುಗಳು ಅವಸರದಿಂದ ದಾಟಿಸಿದರು, ನಾವೂ ನಮ್ಮ ಶಿಷ್ಯರಿಗೆ ಹಾಗೆಯೇ ಮಾಡಿದೆವು. ರಘುವಂಶದ ಆರಂಭದಲ್ಲಿ ಕಾಳಿದಾಸನು ತಾನು ಆ ವಂಶದೊಳಗೆ ಪ್ರವೇಶಿಸುವುದನ್ನು, ವಜ್ರದಿಂದ ಕೊರೆದ ಮಣಿಯೊಳಗೆ ದಾರವು ಹೋಗುವುದಕ್ಕೆ ಹೋಲಿಸುತ್ತಾನೆ. ವಜ್ರವೆಂದರೆ ಅಲ್ಲಿ ಮಣಿಯನ್ನು ಕೊರೆಯುವ ಒಂದು ಬಗೆಯ ಸೂಜಿ ಎಂದು ಮಲ್ಲಿನಾಥನ ವ್ಯಾಖ್ಯಾನ. ಅವನು ನಮ್ಮ ನೆರೆಯ ಮೇದಕ ಸೀಮೆಯವನೇ. ಎಷ್ಟೋ ಸಲ ಪಾಠ ಹೇಳಿದ್ದೇವೆ, ಕವಿಯ ವಿನಯವನ್ನು ಕೊಂಡಾಡಿದ್ದೇವೆ. ಆ ಸೂಜಿಯನ್ನು ಯಾರು, ಯಾವುದರಲ್ಲಿ ಹಿಡಿದು ತಿರುಗಿಸಿದರೆಂದು ಒಂದು ದಿನವೂ ಕೇಳಿಕೊಂಡವರಲ್ಲ. ಗುಜರಾತಿನ ಖಂಭಾತದಲ್ಲಿ ಅಕೀಕದ ಮಣಿಗಳನ್ನು ಕೊರೆಯುವವರು ತುದಿಗೆ ವಜ್ರದ ಚೂರುಗಳನ್ನು ಕೂಡಿಸಿದ ಕಡ್ಡಿಯನ್ನು ಬಿಲ್ಲಿನಿಂದ ತಿರುಗಿಸುತ್ತಾರೆಂದು ಆಮೇಲೆ ಓದಿ ತಿಳಿದೆವು.

ಇಷ್ಟಾದಮೇಲೆ ನಮ್ಮ ನಿಶ್ಚಯವೇನೆಂದರೆ, ಉಳಿದ ಮಣಿಗಳ ತೂತುಗಳನ್ನು ಬಿಡಿಸುವುದು, ಒಡೆದ ಮೂರಕ್ಕೆ ಬದಲಾಗಿ ನಮ್ಮ ಬೃಂದಾವನದಲ್ಲಿ ಒಣಗಿದ ತುಳಸಿಯ ಬೊಡ್ಡೆಯಿಂದ ಮೂರು ಹೊಸ ಮಣಿಗಳನ್ನು ಮಾಡುವುದು, ಅದಕ್ಕೆ ತಕ್ಕ ಸಣ್ಣ ಚಕ್ಕೊಂದನ್ನು ಹುಡುಕುವುದು. ಶಿಷ್ಯನು ಮಣಿಗಳನ್ನು ತಾನೇ ಕೊರೆದು ಕೊಡುವೆನೆಂದನು. ಒಡೆದ ಕೈಯೇ ಮಾಡಬೇಕೆಂದು ನಾವು ಒಪ್ಪಲಿಲ್ಲ. ಅದು ಹಟವೋ ಪ್ರಾಯಶ್ಚಿತ್ತವೋ ನಮಗೂ ತಿಳಿಯದು.

ಅಷ್ಟರಲ್ಲಿ ಹೋಳಿ ಕಳೆದು ನಮ್ಮೂರಿನ ಜಾತ್ರೆ ಬಂದಿತು. ಅಷ್ಟೂರದ ಗುಮ್ಮಟಗಳನ್ನು ನೋಡಿದ ವಾಚಕರು ಇರಬಹುದು. ಬಹಮನಿ ಸುಲ್ತಾನರ ಗೋರಿಗಳು ಅಲ್ಲಿ ಸಾಲಾಗಿ ನಿಂತಿವೆ. ಅವುಗಳಲ್ಲಿ 1436ರಲ್ಲಿ ತೀರಿಕೊಂಡ ಅಹಮದ್ ಶಾಹನ ಗುಮ್ಮಟದ ಒಳಗಣ ಬಣ್ಣದ ಚಿತ್ರಕೆಲಸವು ಇಂದಿಗೂ ಮಾಸಿಲ್ಲ. ಅವನನ್ನು ಮುಸಲ್ಮಾನರು ವಲೀ ಎನ್ನುತ್ತಾರೆ, ನಮ್ಮವರು ಅಲ್ಲಮಪ್ರಭು ಎನ್ನುತ್ತಾರೆ. ಉರುಸು ಹೋಳಿಯ ಲೆಕ್ಕದಿಂದ ನಡೆಯುತ್ತದೆ, ಶಂಖವನ್ನು ಊದುವ ಜಂಗಮರೂ ಬರುತ್ತಾರೆ. ಜಾತ್ರೆಯಲ್ಲಿ ಒಬ್ಬ ಮಣಿಗಾರ ಮುದುಕನು ರುದ್ರಾಕ್ಷಿ, ತುಳಸಿ, ತಸ್ಬೀಹುಗಳನ್ನು ಒಂದೇ ಕೋಲಿಗೆ ತೂಗಹಾಕಿ ಕುಳಿತಿದ್ದನು. ನಮ್ಮ ಒಂದು ಮಣಿಯನ್ನು ಅವನ ಕೈಗಿತ್ತೆವು. ಬೆಳಕಿಗೆ ಹಿಡಿದು ನೋಡಿ, "ಎರಡೂ ಕಡೆಯಿಂದ ಕೊರೆದದ್ದು, ನಡುವೆ ಕೂಡ್ಯದ. ಒಂದೇ ಕಡೆಯಿಂದ ಹೋದರೆ ಆಚೆ ಕಡೆ ಹೊರಬೀಳುವಾಗ ಚೆಕ್ಕೆ ಎದ್ದುಬಿಡ್ತದ" ಎಂದನು. ನಮ್ಮ ಮೂರು ಮಣಿಗಳು ಸೀಳಿದುದಕ್ಕೆ ಇದು ಎರಡನೆಯ ಕಾರಣವಾಯಿತು. ಅವನು ಅದಕ್ಕೆ ಹಣ ಕೇಳಲಿಲ್ಲ. ಮೊಮ್ಮಗಳಿಗೆ ಗಾಜಿನ ಸರವೊಂದನ್ನು ಕೊಂಡೆವು.

ಚೈತ್ರದಲ್ಲಿ ಕೆಲಸವಿದ್ದು ಹೈದರಾಬಾದಿಗೆ ಹೋದಾಗ ಸಿಕಂದರಾಬಾದಿನ ರಾಣಿಗಂಜಕ್ಕೆ ಹೋದೆವು. ಕಬ್ಬಿಣದ ಸಾಮಾನಿನ ಆ ಪೇಟೆಯಲ್ಲಿ ಸಿಕ್ಕದ ಉಪಕರಣವಿಲ್ಲವೆಂಬುದು ಪ್ರತೀತಿ. ಒಂದು ಅಂಗಡಿಯಲ್ಲಿ ಹೆಬ್ಬೆರಳಿನ ಗಾತ್ರದ ಚಕ್ಕೊಂದನ್ನು ಕೊಟ್ಟರು: 0.3ರಿಂದ 4 ಮಿಲಿಮೀಟರಿನವರೆಗೆ ಹಿಡಿಯುವುದು, ಬೆನ್ನಿನಲ್ಲಿ ಒಂದು ದುಂಡು ಕಾಂಡ. ಆ ಕಾಂಡವನ್ನು ಮನೆಯ ದೊಡ್ಡ ಮಶೀನಿನ ಬಾಯಿಗೆ ಕೊಟ್ಟರಾಯಿತೆಂದರು. ಮಗುವಿನ ಮುಷ್ಟಿಯಂತಿದ್ದ ಅದನ್ನು ಕಂಡು ನಮಗೆ ಬಹಳ ಸಂತೋಷವಾಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೇಬಿನೊಳಗೆ ಅದನ್ನು ತಿರುಗಿಸುತ್ತಲೇ ಬಂದೆವು.

ಈ ಸಲ ಮಣಿಯ ಮೇಲೆ ಕೈಮಾಡಲಿಲ್ಲ. ಶಿಷ್ಯನು ಕಲಿಸಿದ್ದ ಪರೀಕ್ಷೆಯೊಂದನ್ನು ಮಾಡಿದೆವು. ನೆಟ್ಟನೆಯ ಹೊಲಿಗೆಯ ಸೂಜಿಯೊಂದನ್ನು ಚಕ್ಕಿನಲ್ಲಿ ಬಿಗಿದು, ಹಿಂದೆ ಬಿಳಿಯ ಕಾಗದವನ್ನಿಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಬೇಕು. ಸೂಜಿಯ ತುದಿಯು ಇದ್ದಲ್ಲಿಯೇ ನಿಂತಂತೆ ಕಂಡರೆ ಚಕ್ಕು ಒಳ್ಳೆಯದು. ಸೊನ್ನೆ ಬರೆದರೆ ಕೆಟ್ಟದ್ದು. ನಮ್ಮದು ಸೊನ್ನೆ ಬರೆಯಿತು. ಅಂಗಡಿಯವರು ಮೋಸ ಮಾಡಿದರೆಂದು ಒಂದು ರಾತ್ರಿ ಶಪಿಸಿದೆವು. ಮರುದಿನ ಶಿಷ್ಯನು ಚಕ್ಕನ್ನು ಒಯ್ದು ತನ್ನ ಲೇತಿನಲ್ಲಿ ಕಟ್ಟಿ ನೋಡಿದರೆ ಸೂಜಿಯು ಅಲುಗಲಿಲ್ಲ! ದೋಷವಿದ್ದುದು ಸಣ್ಣದರಲ್ಲಲ್ಲ, ಅದನ್ನು ಹಿಡಿದಿದ್ದ ಬಡಗಿಯ ಮಶೀನಿನಲ್ಲಿ. ಓಲಾಡುವವನ ಹೆಗಲೇರಿದ ಹುಡುಗನು ತಾನೂ ಓಲಾಡಬೇಕಲ್ಲವೇ? ಸಣ್ಣ ಚಕ್ಕನ್ನು ಕೊಳ್ಳುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಅದಕ್ಕೆ ತನ್ನದೇ ಆದ ಸಣ್ಣ ಯಂತ್ರವಿರಬೇಕು. ಇಲ್ಲವಾದರೆ ಕೊಂಡೂ ಫಲವಿಲ್ಲ. ಆ ಚಕ್ಕು ಈಗ ಶಿಷ್ಯನ ಬಳಿಯಲ್ಲಿದೆ, ಅವನಿಗೆ ಅದರಿಂದ ಬಹಳ ಉಪಯೋಗವಂತೆ.

ಜ್ಯೇಷ್ಠವೂ ಹತ್ತಿರ ಬಂದಿತು. ತಂಗಿಯು ಎರಡು ಸಲ ಮಾಲೆಯ ಮಾತೆತ್ತಿದಳು. ದಾರ ಹಾಕಿಸುತ್ತಿದ್ದೇವೆಂದು ಹೇಳಿದೆವು. ಸುಳ್ಳಲ್ಲ, ನಿಜವೂ ಅಲ್ಲ.

ಒಂದು ದಿನ ಮನೆಯವರೇ, "ಕೂದಲಿನಂಥಾ ಗೆರಿ ಕೊರಿಯೋ ಮಂದಿ ಬೀದರದಾಗ ಇರುವಾಗ ನೀವು ಹೈದರಾಬಾದಿಗೆ ಯಾಕ ಹೋದ್ರಿ?" ಎಂದು ಕೇಳಿದರು. ಬಿದರಿಯವರ ಮಾತು. ನಿಜವಾಗಿಯೂ ನಮಗೆ ಹೊಳೆದಿರಲಿಲ್ಲ. ಬಿದರಿ ಸಾಮಾನನ್ನು ಪೇಟೆಯಲ್ಲಿ ಕಂಡವರೆಲ್ಲ ಅದರ ಕಪ್ಪನ್ನೂ ಬೆಳ್ಳಿಯನ್ನೂ ಮೆಚ್ಚುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರಸಿ ಎರಕ ಹೊಯ್ಯುವುದು, ಅರದಿಂದ ಉಜ್ಜುವುದು, ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಕೂರಿಸುವುದು, ಕಡೆಯಲ್ಲಿ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಬೆರಸಿ ಕಾಯಿಸಿ ಕಪ್ಪು ಮಾಡುವುದು, ಇಷ್ಟು ಕೈಕೆಲಸ ಅದರ ಹಿಂದಿದೆ. 2006ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆಯಿತು. 2023ರಲ್ಲಿ ಬೀದರದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ನಾವು ಹೋದುದು ಓಣಿಯೊಂದರ ಸಣ್ಣ ಕಾರಖಾನೆಗೆ. ಅಲ್ಲಿಯ ಕುಶಲಕರ್ಮಿಯು ಕಿವಿಯೋಲೆಗೆ ಕೊಂಡಿ ಸಿಕ್ಕಿಸುವ ತೂತನ್ನು ಕೊರೆಯುತ್ತಿದ್ದನು. ಆ ಲೋಹವು ಬಗ್ಗುವುದಕ್ಕಿಂತ ಮುರಿಯುವುದೇ ಹೆಚ್ಚು. ಆದುದರಿಂದ ಮೊದಲು ಮೊನೆಯುಳಿಯಿಂದ ಒಂದು ಚಿಕ್ಕ ಗುಳಿಯನ್ನು ಮಾಡಿಕೊಂಡನು, ಬಿಟ್ ಜಾರಬಾರದೆಂದು. ಆ ಬಿಟ್ ಅವನ ಕೈಯಲ್ಲಿದ್ದ ಪೆನ್ಸಿಲಿನಂತಹ ಒಂದು ಹಿಡಿಕೆಯಲ್ಲಿ ಕುಳಿತಿದ್ದಿತು. ಹೊರಗೆ ಕಾಣುತ್ತಿದ್ದುದು ಎಳ್ಳಿನ ಕಾಳಿನಷ್ಟು ಮಾತ್ರ.

"ಮಾಸ್ತರ್ ಸಾಬ್, ಎಷ್ಟು ಆಳ ಬೇಕೋ ಅಷ್ಟೇ ಹೊರಗ ಇಡಬೇಕು. ಉಳಿದದ್ದು ಒಳಗ ಇರಲಿ" ಎಂದನು. ಲೆಕ್ಕದಲ್ಲಿ ಹೇಳುವುದಾದರೆ, ಹೊರಚಾಚಿದ ಉದ್ದವು ಅರ್ಧವಾದರೆ ಕಡ್ಡಿಯ ಬಿಗುವು 8 ಪಟ್ಟಾಗುವುದು. ಲೆಕ್ಕವನ್ನು ಅವನು ಮಾಡಿರಲಿಲ್ಲ. ಮಾಡುವ ಅವಶ್ಯಕತೆಯೂ ಅವನಿಗಿರಲಿಲ್ಲ.

ಆ ಹಿಡಿಕೆಗೆ ಅಂಗಡಿಗಳಲ್ಲಿ ಪಿನ್ ವೈಸ್ ಎಂದು ಹೆಸರು. ಅಕ್ಕಸಾಲಿಗರ ಮತ್ತು ಗಡಿಯಾರ ರಿಪೇರಿಯವರ ಸಾಮಾನು ಮಾರುವಲ್ಲಿ ಸಿಕ್ಕುತ್ತದೆ. ಬೆಲೆಯು ಒಂದು ಕಿಲೋ ತುಪ್ಪಕ್ಕಿಂತ ಕಡಿಮೆ. ಇದರಲ್ಲಿ ಮೂರು ದವಡೆಗಳಿಲ್ಲ. ಒಂದೇ ಕೊಳವೆಯ ತುದಿಯನ್ನು ಉದ್ದುದ್ದವಾಗಿ ಸೀಳಿರುತ್ತಾರೆ, ಅರಳಲಿರುವ ಮೊಗ್ಗಿನಂತೆ. ಅದಕ್ಕೆ ಕಾಲೆಟ್ ಎನ್ನುತ್ತಾರೆ. ಮೇಲಿನ ಟೊಪ್ಪಿಗೆಯನ್ನು ತಿರುಗಿಸಿದರೆ ಎಸಳುಗಳೆಲ್ಲ ಸುತ್ತಲಿಂದಲೂ ಸಮನಾಗಿ ಒಳಕ್ಕೆ ಒತ್ತಿ, ಬಿಟ್ಟನ್ನು ನಡುವಿನಲ್ಲಿಯೇ ಹಿಡಿಯುವುವು. ಆದರೆ ಒಂದು ಕಾಲೆಟ್ಟು ತನ್ನ ಅಳತೆಯ ಸುತ್ತಮುತ್ತಲಿನ ಕಡ್ಡಿಗಳನ್ನು ಮಾತ್ರ ಹಿಡಿಯಬಲ್ಲುದು. ಅದಕ್ಕಾಗಿ ಎರಡು ಕಾಲೆಟ್ಟುಗಳನ್ನು ಕೊಟ್ಟು, ಪ್ರತಿಯೊಂದರ ಎರಡು ತುದಿಗಳಿಗೂ ಬೇರೆ ಬೇರೆ ಅಳತೆಯ ಬಾಯಿ ಮಾಡಿರುತ್ತಾರೆ. ಹಿಡಿಕೆಯ ತಲೆಯು ಸ್ವತಂತ್ರವಾಗಿ ತಿರುಗುವಂತಿರಬೇಕು. ಅದು ಅಂಗೈಯಲ್ಲಿ ನಿಲ್ಲುತ್ತದೆ, ಬೆರಳುಗಳು ಕಾಂಡವನ್ನು ತಿರುಗಿಸುತ್ತವೆ. ವಿದ್ಯುತ್ತಿಲ್ಲ, ಸದ್ದಿಲ್ಲ. ಬಿಟ್ ಎಲ್ಲಿ ಕಚ್ಚಿತು, ಎಲ್ಲಿ ಸಿಕ್ಕಿಕೊಂಡಿತು ಎಂಬುದು ಬೆರಳಿಗೇ ತಿಳಿಯುತ್ತದೆ. ನಿಮಿಷಕ್ಕೆ 2800 ಸುತ್ತು ತಿರುಗುವ ಯಂತ್ರವು ಆ ಸುದ್ದಿಯನ್ನು ನಮಗೆ ಮುಟ್ಟಿಸುವಷ್ಟರಲ್ಲಿ ಮಣಿಯು ಹೋಳಾಗಿರುತ್ತದೆ. ಲೋಹಕ್ಕೆ, ನೂರಾರು ತೂತುಗಳ ಕೆಲಸಕ್ಕೆ ರಾಣಿಗಂಜದ ಚಕ್ಕೇ ಸರಿ. ತುಳಸಿಯ ಮಣಿಗೆ ಇದಕ್ಕಿಂತ ಒಳ್ಳೆಯದನ್ನು ನಾವು ಕಾಣಲಿಲ್ಲ.

ಮುಚ್ಚಿಹೋಗಿದ್ದ ತೂತುಗಳು ಎರಡು ಮಧ್ಯಾಹ್ನಗಳಲ್ಲಿ ಬಿಡಿಸಿಕೊಂಡುವು. ಎಣ್ಣೆಯಲ್ಲಿ ನೆನೆಯಿಟ್ಟೇ ಮಾಡಿದೆವು. ಮನೆಯವರ ಮಾತು ಮೊದಲಿನಿಂದಲೂ ಸರಿಯಾಗಿತ್ತು. ಒಂದು ಮಣಿಯೊಳಗಿನಿಂದ ಕೆಂಪು ದಾರದ ನಾರೊಂದು ಹೊರಬಂದಿತು, ತಾಯಿಯವರೇ ಪೋಣಿಸಿದ್ದುದು.

ಹೊಸ ಮಣಿಗಳು ಅಷ್ಟು ಸುಲಭವಾಗಲಿಲ್ಲ. ತುಳಸಿಯ ಕಟ್ಟಿಗೆಯ ಎಳೆಯನ್ನು ಅನುಸರಿಸಿ ಕೊರೆಯುವಾಗ ಬಿಟ್ ಗಟ್ಟಿಯ ಕಡೆಯನ್ನು ಬಿಟ್ಟು ಮೆತ್ತನೆಯ ಕಡೆಗೆ ವಾಲುತ್ತದೆ. ಮಣಿಯನ್ನು ಎರಡು ಹಲಗೆಗಳ ನಡುವೆ ಒತ್ತಿಹಿಡಿದು, ನಾಲ್ಕು ಸುತ್ತಿಗೊಮ್ಮೆ ಹೊರಗೆಳೆದು ಪುಡಿಯನ್ನು ಊದಿ, ಅರ್ಧಕ್ಕೆ ಬಂದಾಗ ಮಗುಚಿ ಆಚೆಯಿಂದ ಕೊರೆದೆವು. ಒಂದೊಂದಕ್ಕೆ ಅರ್ಧ ಗಂಟೆ ಹಿಡಿಯಿತು. ಕೈ ನಡುಗಿದಾಗ ಮೊಮ್ಮಗಳು, "ಮುತ್ಯಾ, ನಿಲ್ಲು" ಎನ್ನುತ್ತಿದ್ದಳು, ನಿಲ್ಲುತ್ತಿದ್ದೆವು. ಐದು ಮಣಿಗಳಲ್ಲಿ ಮೂರು ನಿಂತುವು. ಆ ಮೂರರಲ್ಲಿಯೂ ಒಂದರ ತೂತು ಸ್ವಲ್ಪ ಓರೆ. ಮಾಲೆಯಲ್ಲಿ ಅದೊಂದು ಮಣಿ ತಲೆ ವಾಲಿಸಿಕೊಂಡಿರುತ್ತದೆ. ಬಣ್ಣದಲ್ಲಿಯೂ ಹೊಸವು ಬಿಳಿಚಿಕೊಂಡಿವೆ.

ದಿಂಡಿಯ ಜೊತೆ ಹೊರಡುವ ಹಿಂದಿನ ದಿನ ತಂಗಿಯು ಬಂದಳು. ಮಾಲೆಯನ್ನು ಕೊರಳಿಗೆ ಹಾಕಿಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ಒಂದೊಂದಾಗಿ ಸರಿಸಿದಳು. ಹೆಬ್ಬೆರಳು ಮೂರು ಕಡೆ ತಡೆಯಿತು. "ಅಣ್ಣಾ, ಅವ್ವನ ಮೂರು ಮಣಿ ಎಲ್ಲಿ?" ಎಂದಳು. ಪೆಟ್ಟಿಗೆಯಿಂದ ಕಾಗದದ ಪೊಟ್ಟಣವನ್ನು ತಂದು ಮುಂದಿಟ್ಟೆವು, ನಡೆದುದನ್ನೆಲ್ಲ ಹೇಳಿದೆವು. ಅವಳು ಹೋಳುಗಳನ್ನು ಎಣಿಸಿ, ಚಂದ್ರಭಾಗೆಯಲ್ಲಿ ಬಿಟ್ಟುಬರುವೆನೆಂದು ಸೆರಗಿನ ತುದಿಗೆ ಕಟ್ಟಿಕೊಂಡಳು. ಮರುದಿನ ನಸುಕಿನಲ್ಲಿ ಬೀದರದವರೆಗೂ ಅವಳ ಗಂಟನ್ನು ಹೊತ್ತು ನಾವೇ ಹೋಗಿ ಬಸ್ಸು ಹತ್ತಿಸಿ ಬಂದೆವು.